ಪದಚರ್ಚೆ: ಪಾರ್ಕಿನ ಬೋರ್ಡಿಗೆ 'ಪಬ್ಲಿಕ್ ಪ್ರೈವೇಟ್ ಪಾರ್ಟ್‌ನರ್‌ಶಿಪ್' ಏನೆನ್ನಬೇಕು?

ತುಮಕೂರಿನಿಂದ:
ಎಲ್ಲರಿಗೂ ನಮಸ್ಕಾರ. ನಾಳೆ ಸಂಜೆಯೊಳಗೆ ಬೋರ್ಡ್ ಬರೆಯುವವರ ಕೈಗೆ ಸಾಲು ಸೇರಬೇಕು, ಬೇಗ ಹೇಳಿ. ನಮ್ಮ ಬಡಾವಣೆಯ ಪಾರ್ಕಿನಲ್ಲಿ ಪಾಲಿಕೆ ಜಾಗ ಕೊಟ್ಟು, ಕಂಪನಿಯೊಂದು ದುಡ್ಡು ಹಾಕಿ ಓಪನ್ ಜಿಮ್ ಆಗಿದೆ. ಅವರು ಕಳಿಸಿದ ಒಕ್ಕಣೆ 'ಪಬ್ಲಿಕ್ ಪ್ರೈವೇಟ್ ಪಾರ್ಟ್‌ನರ್‌ಶಿಪ್ ಫಾರ್ ಹೆಲ್ದಿ ಲೈಫ್‌ಸ್ಟೈಲ್ಸ್'. ನಾನು ಬರೆದುಕೊಂಡದ್ದು 'ಆರೋಗ್ಯಕರ ಜೀವನಶೈಲಿ ಉತ್ತೇಜನಕ್ಕಾಗಿ ಸಾರ್ವಜನಿಕ-ಖಾಸಗಿ ಸಹಭಾಗಿತ್ವ'. ಟೆಂಡರ್ ಪ್ರಕಟಣೆ ಓದಿದ ಹಾಗಿದೆ. ಬೋರ್ಡಿನ ಅಗಲ ನಾಲ್ಕೇ ಅಡಿ, ಅದರಲ್ಲಿ ಅರ್ಧ ಜಾಗ ಲೋಗೊಗಳಿಗೆ.

ಮೈಸೂರಿನಿಂದ:
'ಸಾರ್ವಜನಿಕ' ತಪ್ಪು. 'ಸಾರ್ವಜನಿಕರ ಗಮನಕ್ಕೆ' ಎಂದು ಬರೆದರೆ ಯಾರ ಗಮನಕ್ಕೆ? ನಿಮ್ಮ, ನನ್ನ. ನಿಮ್ಮ ಬೋರ್ಡ್ ಓದಿದವರು ಜನರೇ ಚಂದಾ ಎತ್ತಿ ಜಿಮ್ ಮಾಡಿಸಿದರು ಅಂದುಕೊಳ್ಳುತ್ತಾರೆ. ಇಲ್ಲಿ ಬೇಕಿರುವುದು 'ಸರ್ಕಾರಿ'. 'ಸಹಭಾಗಿತ್ವ'ವೂ ಸಲ್ಲದು. ಭಾಗವಿದ್ದವನು ಭಾಗಿ. ದೇವನಹಳ್ಳಿ ವಿಮಾನ ನಿಲ್ದಾಣ ಕಟ್ಟುವಾಗ ಕೇಂದ್ರಕ್ಕೂ ರಾಜ್ಯಕ್ಕೂ ತಲಾ ಶೇ 13ರ ಪಾಲಿತ್ತು, ಅದು ಸಹಭಾಗಿತ್ವ. ಪಾರ್ಕಿನ ಏರ್ ವಾಕರ್ ಯಂತ್ರದಲ್ಲಿ ಯಾರ ಪಾಲೆಷ್ಟು?

ಸಾಗರದಿಂದ:
ಸರ್ಕಾರಿ, ಕಾಸಗಿ ಎರಡೂ ಪಾರ್ಸಿ ಕಡೆಯಿಂದ ಬಂದ ಒರೆಗಳು (ಪದಗಳು), ಉಳಿದದ್ದೆಲ್ಲ ಸಂಸ್ಕ್ರುತ. ಇಡೀ ಸಾಲಿನಲ್ಲಿ ಕನ್ನಡದ್ದು ಅಂತ ಉಳಿದದ್ದು 'ಕ್ಕಾಗಿ' ಒಂದೇ! 'ಒಳ್ಳೆಯ ಬಾಳುಬಗೆಗೆ ಕೂಡುಗೆಲಸ' ಅಂತ ಬರೆಯಿರಿ. ಚಿಕ್ಕದು, ಬೋರ್ಡಿಗೂ ಹಿಡಿಸುತ್ತದೆ.

ಮೈಸೂರಿನಿಂದ:
ಬಾಳುಬಗೆ! ಜಿಲ್ಲೆ, ತಾಲೂಕು, ಅರ್ಜಿ ಯಾವ ಕಾಡಿನಲ್ಲಿ ಹುಟ್ಟಿದವು? ಅವನ್ನೂ ಬಿಟ್ಟು ಒಂದು ವಾರ ವ್ಯವಹಾರ ಮಾಡಿ ತೋರಿಸಿ.

ಧಾರವಾಡದಿಂದ:
ಅಲ್ರೀ, ಬೋರ್ಡ್ ಓದಾವ್ರು ವಾಕಿಂಗಿಗೆ ಬರೋ ಅಜ್ಜಾರು, ಅಮ್ಮಾರು. ಅವರಿಗೆ ಖಾಸಗಿ ತಿಳೀತದ, ಕೂಡುಗೆಲಸ ತಿಳ್ಯಾಂಗಿಲ್ಲ. ಅಂದಂಗ, ಈ 'ಖಾಸಗಿ' ಮರಾಠಿ ದಾರಿ ಹಿಡಿದು ನಮ್ಮ ಕಡೆ ಬಂದದ್ದು. ಇಂದೋರಿನ ಹೋಳ್ಕರರ ಕಾಲಕ್ಕ ಖಾಸಗಿ ಅಂದ್ರ ರಾಜಮನೆತನದ ಸ್ವಂತ ಆದಾಯ, ದೌಲತಿನ ಅಂದ್ರ ರಾಜ್ಯದ ಖಜಾನೆ ಬ್ಯಾರೆ. ಆ ಮನೆತನದ ರಾಣಿ ಅಹಲ್ಯಾಬಾಯಿ ದೇಶದ ತುಂಬ ಗುಡಿ, ಘಾಟು ಕಟ್ಟಿಸಿದ್ದು ಆ ಖಾಸಗಿ ರೊಕ್ಕದಾಗನ. ಖಾಸಗಿ ಗಂಟಿನಿಂದ ಮಂದಿ ಕೆಲಸ ಮಾಡೋದು ಹೊಸಾದೇನಲ್ಲ. ಶಬ್ದ ತಗೀಬ್ಯಾಡ್ರಿ.

ಮೈಸೂರಿನಿಂದ:
ಹೋಳ್ಕರರನ್ನು ಬಿಡಿ, ಇದು ಧರ್ಮಕ್ಕೆ ಕೊಟ್ಟ ದುಡ್ಡಲ್ಲ. 2013ರ ಕಂಪನಿ ಕಾಯ್ದೆಯ 135ನೇ ಕಲಂ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ 3 ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ಶೇ 2ರಷ್ಟನ್ನು ಇಂಥದ್ದಕ್ಕೆ ಖರ್ಚು ಮಾಡಲೇಬೇಕು. ಕೊಡಲೇಬೇಕಾದದ್ದನ್ನು ಕೊಟ್ಟವರಿಗೆ 'ನೆರವು' ಎಂದರೆ ಧಾರಾಳವಾಯಿತು. ಶಾಲೆ ಮಕ್ಕಳಿಗೆ ವಾರಕ್ಕೆ 6 ದಿನ ಮೊಟ್ಟೆ ಕೊಡಲು 2024ರಲ್ಲಿ ಸರ್ಕಾರದ ಜೊತೆ ಅಜೀಂ ಪ್ರೇಮ್‌ಜಿ ಫೌಂಡೇಷನ್ ಒಪ್ಪಂದ ಮಾಡಿಕೊಂಡಿತು. 3 ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿ. ಅಷ್ಟು ದೊಡ್ಡ ಕೆಲಸಕ್ಕೇ 'ಸಹಯೋಗ' ಸಾಲುತ್ತದೆ, ನಾಲ್ಕು ಕಬ್ಬಿಣದ ಯಂತ್ರಕ್ಕೆ 'ಸಹಭಾಗಿತ್ವ' ಯಾಕೆ?

ಸಾಗರದಿಂದ:
ನೆರವು! ಕೊನೆಗೂ ಒಂದು ಕನ್ನಡದ ಒರೆ ನಿಮ್ಮ ಬಾಯಿಂದ ಬಂತು.

ಪುತ್ತೂರಿನಿಂದ:
'ಜೀವನಶೈಲಿ'ಯ ಬಗ್ಗೆ ಯಾರೂ ಮಾತಾಡಲಿಲ್ಲ. ಈಗ ಆ ಪದ ಕಿವಿಗೆ ಬೀಳುವುದು ಹೆಚ್ಚಾಗಿ ಡಾಕ್ಟರ ಬಾಯಲ್ಲಿ, 'ಜೀವನಶೈಲಿ ಕಾಯಿಲೆ' ಅಂತ. ಬೋರ್ಡಿನಲ್ಲಿ ಅದನ್ನು ಕಂಡರೆ ಶುಗರ್, ಬಿಪಿ ನೆನಪಾಗುತ್ತದೆ ಮಾರಾಯ್ರೆ. 2019ರ ಆಗಸ್ಟ್ 29ಕ್ಕೆ ಕೇಂದ್ರ ಸರ್ಕಾರ ಶುರು ಮಾಡಿದ 'ಫಿಟ್ ಇಂಡಿಯಾ'ವನ್ನು ನಾವು ಹಾಗೇ ಬರೆಯುತ್ತಾ ಇಲ್ವಾ? 'ಫಿಟ್' ಹಾಕಿ, ಯಾರಿಗೂ ತೊಂದರೆ ಇಲ್ಲ.

ಮೈಸೂರಿನಿಂದ:
'ಫಿಟ್ಸ್' ಬಂತು ಅನ್ನುವವರ ಊರಿನಲ್ಲಿ ಅದು ಬೇಡ.

ತುಮಕೂರಿನಿಂದ:
ಎಲ್ಲರಿಗೂ ವಂದನೆ. ಬೋರ್ಡಿಗೆ ಕಳಿಸಿದ್ದು ಹೀಗೆ: ಮೇಲೆ ದಪ್ಪ ಅಕ್ಷರದಲ್ಲಿ 'ಬನ್ನಿ, ವ್ಯಾಯಾಮ ಮಾಡಿ', ಕೆಳಗೆ 'ಮಹಾನಗರ ಪಾಲಿಕೆ', ಅದರ ಕೆಳಗೆ ಕಂಪನಿಯ ಹೆಸರು, 'ಇವರ ನೆರವಿನೊಂದಿಗೆ'. ಸಹಭಾಗಿತ್ವ ಬಿಟ್ಟಿದ್ದಕ್ಕೆ ಕಂಪನಿಯವರು ಮುಖ ಸಿಂಡರಿಸಿದರು. ಅವರ ವರದಿಯಲ್ಲಿ ಮಾತ್ರ 'ಸರಕಾರಿ-ಖಾಸಗಿ ಸಹಭಾಗಿತ್ವ' ಅಂತಲೇ ಇರುತ್ತದೆ.

ಮೈಸೂರಿನಿಂದ:
'ಸರ್ಕಾರಿ'. ಮೂಲ ಸರ್ + ಕಾರ್, ನಡುವೆ ಅಕಾರವಿಲ್ಲ.

ಧಾರವಾಡದಿಂದ:
ನಮ್ಮ ಕಡೆ 'ಸರಕಾರ' ಅಂತನ ಬರಿಯೋದು. ಪಾರ್ಸಿ ಶಬ್ದಕ್ಕ ಮೈಸೂರಿನ ಅಪ್ಪಣಿ ಯಾಕ ಬೇಕ್ರಿ?