ಆನ್‌ಲೈನ್ ಆಪ್ತಸಮಾಲೋಚನೆ: ಮೊದಲ ದಿನ ಏನಾಗುತ್ತದೆ?

ಪ್ರಶ್ನೆ: ಮಲೆನಾಡಿನವಳು

ನಮಸ್ಕಾರ. ತೀರ್ಥಹಳ್ಳಿಯ ಸಮೀಪದ ಹಳ್ಳಿಯಲ್ಲಿದ್ದೇನೆ. ಕಳೆದ ಕಾರ್ತಿಕದಲ್ಲಿ ಅಪ್ಪ ತೀರಿಕೊಂಡಂದಿನಿಂದ ಸರಿಯಾಗಿ ನಿದ್ದೆ ಹತ್ತುವುದಿಲ್ಲ. ಒಲೆಯ ಮೇಲಿನ ಹಾಲು ಉಕ್ಕಿ ಚೆಲ್ಲುತ್ತಿದ್ದರೂ ನೋಡುತ್ತ ನಿಂತುಬಿಡುತ್ತೇನೆ. ವಾರವಾರ ಶಿವಮೊಗ್ಗಕ್ಕೆ ಹೋಗಿಬರುವುದು ಆಗದ ಮಾತಾದ್ದರಿಂದ, ಬರುವ ಗುರುವಾರ ಬೆಳಿಗ್ಗೆ ಬೆಂಗಳೂರಿನ ಆಪ್ತಸಮಾಲೋಚಕಿಯೊಬ್ಬರೊಂದಿಗೆ ವಿಡಿಯೊ ಕರೆಯಲ್ಲಿ ಮಾತನಾಡಲು ಸಮಯ ಪಡೆದಿದ್ದೇನೆ. ಅವರು ಏನೇನು ಕೇಳುತ್ತಾರೆ? ಮಾತುಗಳನ್ನು ರೆಕಾರ್ಡ್ ಮಾಡಿಕೊಳ್ಳುತ್ತಾರೆಯೆ? ನಮ್ಮದು ತುಂಬಿದ ಮನೆ, ಕೋಣೆಗಳ ನಡುವೆ ಹಲಗೆಯ ಗೋಡೆ. ಇಯರ್‌ಫೋನ್ ಹಾಕಿಕೊಂಡರೆ ಸಾಕೆ?

ಉತ್ತರ: ಹಾಸನದ ಓದುಗ

ಎಂಟು ತಿಂಗಳು ಈ ದಾರಿಯಲ್ಲಿ ನಡೆದವನು ನಾನು. ಮೊದಲ ಭೇಟಿಯಲ್ಲಿ ಸಮಾಧಾನವಾಗಲಿ ಸಲಹೆಯಾಗಲಿ ಹೆಚ್ಚು ಸಿಗುವುದಿಲ್ಲ. ಆ ಮುಕ್ಕಾಲು ಗಂಟೆಯ ಬಹುಪಾಲು ನಿದ್ದೆ, ಹಸಿವು, ಸೇವಿಸುತ್ತಿರುವ ಔಷಧಿ, ಮನೆಯವರ ಆರೋಗ್ಯದ ಪ್ರಶ್ನೆಗಳಲ್ಲಿಯೇ ಕಳೆಯುತ್ತದೆ. ಸಾಯಬೇಕೆಂಬ ಯೋಚನೆ ಬಂದಿದೆಯೇ ಎಂದೂ ಕೇಳುತ್ತಾರೆ. ಅದು ಹೊಸದಾಗಿ ಬಂದವರನ್ನೆಲ್ಲ ಕೇಳುವ ಪ್ರಶ್ನೆ, ಗಾಬರಿಯಾಗದೆ ಇದ್ದದ್ದನ್ನು ಇದ್ದಂತೆ ಹೇಳಿಬಿಡಿ.

ಇಯರ್‌ಫೋನ್ ಹಾಕಿದರೆ ಅವರ ಮಾತು ಹೊರಗೆ ಕೇಳಿಸದು, ನಿಮ್ಮ ಮಾತು ಕೇಳಿಸುತ್ತದೆ! ಇದು ನನಗೆ ಹೊಳೆದದ್ದು ಅಣ್ಣ ಊಟಕ್ಕೆ ಕುಳಿತಾಗ ವಿಚಿತ್ರವಾಗಿ ಮೃದುವಾಗಿ ಮಾತನಾಡಿಸಿದ ದಿನ. ಅಂದಿನಿಂದ ಕಾರನ್ನು ತೋಟದ ಅಂಚಿನಲ್ಲಿ ನಿಲ್ಲಿಸಿ, ಗಾಜು ಏರಿಸಿಕೊಂಡು ಮಾತನಾಡುತ್ತಿದ್ದೆ. ಒಮ್ಮೆ ಅಮ್ಮನ ವಿಷಯ ಹೇಳುತ್ತ ಗಂಟಲು ಕಟ್ಟಿದ ಹೊತ್ತಿಗೇ ಚಿತ್ರ ನಿಂತುಹೋಗಿ, ಅವರ ಅರ್ಧ ತೆರೆದ ಬಾಯಿಯನ್ನೇ ನೋಡುತ್ತ ಐದು ನಿಮಿಷ ಕುಳಿತಿದ್ದೆ. ಆದ್ದರಿಂದ ಕರೆ ಕಡಿದರೆ ಯಾರು ಯಾರಿಗೆ ಫೋನ್ ಮಾಡಬೇಕೆಂಬುದನ್ನು ಮೊದಲೇ ಮಾತನಾಡಿಕೊಂಡಿರಿ. ಇನ್ನೊಂದು ಮಾತು: ನಾನು ಮೊದಲು ಕಂಡವರು ಮೂರನೆಯ ವಾರವೂ ನನ್ನ ಹೆಸರನ್ನು ತಪ್ಪಾಗಿ ಹೇಳಿದರು. ದಾಕ್ಷಿಣ್ಯ ಬಿಟ್ಟು ಬೇರೆಯವರನ್ನು ಹುಡುಕಿಕೊಂಡೆ.

ಉತ್ತರ: ಮನಶ್ಶಾಸ್ತ್ರಜ್ಞೆ, ಮೈಸೂರು

ಮೇಲಿನವರು ಹೇಳಿದ್ದು ಸರಿ. ಔಷಧಿ ಬರೆದುಕೊಡುವವರು ಮನೋವೈದ್ಯರು; ಆಪ್ತಸಮಾಲೋಚಕರಿಗಾಗಲಿ ನನ್ನಂತಹ ಮನಶ್ಶಾಸ್ತ್ರಜ್ಞರಿಗಾಗಲಿ ಆ ಅಧಿಕಾರವಿಲ್ಲ. ‘ಕ್ಲಿನಿಕಲ್ ಸೈಕಾಲಜಿಸ್ಟ್’ ಎಂದು ಹೇಳಿಕೊಳ್ಳುವವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರಾಗಿರಬೇಕು, ಆ ಸಂಖ್ಯೆಯನ್ನು ಕೇಳುವುದು ಅವಮರ್ಯಾದೆಯಲ್ಲ. ಬರಿಯ ‘ಕೌನ್ಸೆಲರ್’ ಎಂಬ ಫಲಕವನ್ನು ಅಲ್ಪಕಾಲದ ಕೋರ್ಸ್ ಮುಗಿಸಿದವರೂ ಹಾಕಿಕೊಳ್ಳುತ್ತಾರಾದ್ದರಿಂದ, ಏನು ಓದಿದ್ದಾರೆ, ಯಾರ ಮಾರ್ಗದರ್ಶನದಲ್ಲಿ ತರಬೇತಿ ಪಡೆದಿದ್ದಾರೆ ಎಂದು ವಿಚಾರಿಸಿ.

ಗೋಪ್ಯತೆಯು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕೊಟ್ಟಿರುವ ಹಕ್ಕು. ಜೀವಕ್ಕೆ ಅಪಾಯವಿದ್ದಾಗ, ನ್ಯಾಯಾಲಯ ಆದೇಶಿಸಿದಾಗ, ಹೀಗೆ ಕಾಯ್ದೆ ಹೇಳುವ ಕೆಲವೇ ಸಂದರ್ಭಗಳಲ್ಲಿ, ಅದೂ ಅಗತ್ಯವಿರುವಷ್ಟನ್ನೇ, ಬೇರೆಯವರಿಗೆ ತಿಳಿಸಬಹುದು. ನಿಮ್ಮ ಒಪ್ಪಿಗೆಯಿಲ್ಲದೆ ರೆಕಾರ್ಡ್ ಮಾಡುವಂತಿಲ್ಲ. ಟಿಪ್ಪಣಿ ಬರೆದುಕೊಳ್ಳುವುದು ಮಾತ್ರ ರೂಢಿ. ನೀವಿರುವ ಸ್ಥಳವನ್ನೂ ಆಪ್ತರೊಬ್ಬರ ದೂರವಾಣಿ ಸಂಖ್ಯೆಯನ್ನೂ ಅವರು ಕೇಳಿದರೆ ಅನುಮಾನಪಡಬೇಡಿ: ಎದುರಿಗೆ ಕುಳಿತಿರದವರಿಗೆ, ತುರ್ತಿನ ಹೊತ್ತಿನಲ್ಲಿ ನಿಮ್ಮನ್ನು ತಲುಪಲು ಬೇರೆ ದಾರಿಯಿರುವುದಿಲ್ಲ.

ಗುರುವಾರಕ್ಕೆ ಮುನ್ನ ರಾತ್ರಿಯ ಹೊತ್ತು ತೀರಾ ಕಷ್ಟವೆನಿಸಿದರೆ 14416ಕ್ಕೆ ಕರೆಮಾಡಿ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯಿದು. ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಹಗಲಿರುಳೂ ಉಚಿತ, ಕನ್ನಡದಲ್ಲಿಯೇ ಮಾತನಾಡಬಹುದು. ಆದರೆ ವಾರವಾರವೂ ಒಬ್ಬರೊಂದಿಗೇ ಮುಂದುವರಿಯುವ ಮಾತುಕತೆಗೆ ಅದು ಬದಲಿಯಲ್ಲ.

ಮರುನುಡಿ: ಮಲೆನಾಡಿನವಳು

ಇಬ್ಬರಿಗೂ ಧನ್ಯವಾದ. ನಮ್ಮ ಮನೆಯಲ್ಲಿ ಕಾರಿಲ್ಲ, ಆದರೆ ಗುರುವಾರ ಸಂಜೆ ಅತ್ತೆಯವರು ಮಕ್ಕಳನ್ನು ಕರೆದುಕೊಂಡು ರಾಯರ ಮಠಕ್ಕೆ ಹೋಗುತ್ತಾರೆ. ಬೆಳಗಿನ ಸಮಯವನ್ನು ಐದೂವರೆಗೆ ಬದಲಾಯಿಸಿಕೊಡುವಂತೆ ಈಗಷ್ಟೇ ಕೇಳಿದ್ದೇನೆ.