ಎಂಆರ್‌ಐನಲ್ಲಿ ಬದಲಾವಣೆ ಇಲ್ಲ, ಯೋಚನೆಯ ವೇಗ ಮಾತ್ರ ಕುಗ್ಗಿದೆ: ಎಂಎಸ್ ಇರುವವರಿಗೆ ಫಂಕ್ಷನಲ್ ಎಂಆರ್‌ಐ ಮಾಡಿಸಬೇಕೆ?

ಬೆಣ್ಣೆನಗರಿ (ಪ್ರಶ್ನೆ)

ನನ್ನ ಅಕ್ಕ ದಾವಣಗೆರೆ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಗಣಿತ ಶಿಕ್ಷಕಿ. ಆಕೆಗೆ ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್), ಅಂದರೆ ಮಿದುಳು ಮತ್ತು ಬೆನ್ನುಹುರಿಯ ನರತಂತುಗಳ ಹೊರಪೊರೆ ಹಾಳಾಗುವ ಕಾಯಿಲೆ, ಇರುವುದು ಪತ್ತೆಯಾಗಿ ಹಲವು ವರ್ಷಗಳಾದವು. ಮರುಕಳಿಸುತ್ತ ಶಮನವಾಗುತ್ತ ಸಾಗುವ ಬಗೆಯದು. ಔಷಧಿಯನ್ನು ಎಂದೂ ತಪ್ಪಿಸಿಲ್ಲ, ನಡಿಗೆಗೆ ತೊಂದರೆಯಿಲ್ಲ. ಆದರೆ ಈಚೆಗೆ ಕೆಲಸದ ವೇಗ ಎದ್ದು ಕಾಣುವಷ್ಟು ಕುಗ್ಗಿದೆ. ತಿಂಗಳ ಕೊನೆಯಲ್ಲಿ ಹಾಜರಿ ಪುಸ್ತಕದ ಮೊತ್ತ ಹಾಕುತ್ತಿರುವಾಗ ಯಾರಾದರೂ ಬಾಗಿಲಲ್ಲಿ ನಿಂತು ಒಂದು ಮಾತು ಕೇಳಿದರೆ ಸಾಕು, ಆ ಸಾಲನ್ನು ಮತ್ತೆ ಮೊದಲಿನಿಂದ ಕೂಡಬೇಕಾಗುತ್ತದೆ. ಲೆಕ್ಕ ಮರೆತಿದೆ ಎಂದಲ್ಲ. ಹತ್ತನೆಯ ತರಗತಿಯ ಪ್ರಮೇಯಗಳನ್ನು ಇಂದಿಗೂ ಪುಸ್ತಕ ನೋಡದೆ ಸಾಧಿಸಿ ತೋರಿಸುತ್ತಾಳೆ.

ಕಳೆದ ತಿಂಗಳ ಎಂಆರ್‌ಐ ವರದಿಯಲ್ಲಿ ಹೊಸ ಲೀಶನ್ (ಹಾನಿಯಾದ ಜಾಗ) ಇಲ್ಲ, ಹಿಂದಿನ ಸ್ಕ್ಯಾನಿಗೆ ಹೋಲಿಸಿದರೆ ಬದಲಾವಣೆಯಿಲ್ಲ ಎಂದಿದೆ. ಇದನ್ನು ಓದಿದ ಮನೆಯವರು ಎಲ್ಲವೂ ಟೆನ್ಷನ್ನಿನಿಂದ ಆಗುತ್ತಿರುವುದು ಎಂದು ಮಾತು ಮುಗಿಸಿದ್ದಾರೆ. ನ್ಯೂಜೆರ್ಸಿಯಲ್ಲಿರುವ ನಮ್ಮ ಸೋದರಮಾವನ ಮಗ ಅಲ್ಲಿನ ಕೆಸ್ಲರ್ ಫೌಂಡೇಷನ್ನಿನಲ್ಲಿ ನಡೆಯುವ ಮಿದುಳು ಚಿತ್ರಣದ ಅಧ್ಯಯನಗಳ ಬಗ್ಗೆ ತಿಳಿಸಿ, ಫಂಕ್ಷನಲ್ ಎಂಆರ್‌ಐ (ಮಿದುಳು ಕೆಲಸ ಮಾಡುತ್ತಿರುವಾಗ ತೆಗೆಯುವ ಸ್ಕ್ಯಾನ್) ಮಾಡಿಸಿದರೆ ನಿಜಾಂಶ ಗೊತ್ತಾಗಬಹುದು ಎನ್ನುತ್ತಾನೆ. ವರದಿ ಸರಿಯಿದ್ದೂ ಹೀಗಾಗಲು ಸಾಧ್ಯವೆ? ಆ ಸ್ಕ್ಯಾನಿಗೆ ಹಣ ಹಾಕುವುದರಿಂದ ಅಕ್ಕನಿಗೆ ಪ್ರಯೋಜನವಿದೆಯೆ? ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ.

ಕ್ಲಿನಿಕಲ್ ಸೈಕಾಲಜಿ, ಬೆಂಗಳೂರು

ಖಂಡಿತ ಸಾಧ್ಯ, ಮತ್ತು ಇದು ಅಪರೂಪವೂ ಅಲ್ಲ. ಹತ್ತೊಂಬತ್ತನೆಯ ಶತಮಾನದಲ್ಲೇ ಪ್ಯಾರಿಸ್ಸಿನ ವೈದ್ಯ ಶಾರ್ಕೊ ಈ ಕಾಯಿಲೆಯನ್ನು ವಿವರಿಸುವಾಗ ನೆನಪು ದುರ್ಬಲವಾಗುವುದನ್ನೂ ಆಲೋಚನೆ ನಿಧಾನವಾಗುವುದನ್ನೂ ಗುರುತಿಸಿದ್ದರು. ಆದರೂ ವೈದ್ಯಲೋಕ ಬಹುಕಾಲ ಇದನ್ನು ಕಾಲು, ಕಣ್ಣು ಮತ್ತು ಮೂತ್ರಕೋಶದ ಕಾಯಿಲೆ ಎಂದೇ ನೋಡಿತು. 1991ರಲ್ಲಿ ಸ್ಟೀಫನ್ ರಾವ್ ಮತ್ತು ಸಂಗಡಿಗರು, ಆಸ್ಪತ್ರೆಗೆ ಬಂದವರನ್ನಷ್ಟೇ ನೋಡದೆ ಊರಿನಲ್ಲಿ ಎಲ್ಲರಂತೆ ಬದುಕುತ್ತಿದ್ದ ರೋಗಿಗಳನ್ನು ಪರೀಕ್ಷಿಸಿದಾಗ, ಅವರಲ್ಲಿ ಸುಮಾರು ಶೇ. 43ರಷ್ಟು ಮಂದಿಗೆ ಅರಿವಿನ ಸಾಮರ್ಥ್ಯದಲ್ಲಿ ಕೊರತೆ ಇರುವುದು ಕಂಡುಬಂತು. ಮೊದಲು ಪೆಟ್ಟು ಬೀಳುವುದು ಸಾಮಾನ್ಯವಾಗಿ ಮಾಹಿತಿಯನ್ನು ಸಂಸ್ಕರಿಸುವ ವೇಗಕ್ಕೆ. ಗಣಿತದ ಜ್ಞಾನ ಹಾಗೆಯೇ ಉಳಿದು ಹಾಜರಿಯ ಮೊತ್ತ ತಪ್ಪುತ್ತಿರುವುದು ಇದಕ್ಕೆ ಚೆನ್ನಾಗಿಯೇ ಹೊಂದುತ್ತದೆ.

ವರದಿಗೂ ಅನುಭವಕ್ಕೂ ತಾಳೆಯಾಗದಿರುವುದರ ಬಗ್ಗೆ ಆಮ್‌ಸ್ಟರ್‌ಡಾಮಿನ ಫ್ರೆಡರಿಕ್ ಬಾರ್ಕಾಫ್ 2002ರಲ್ಲೇ ವಿವರವಾಗಿ ಬರೆದಿದ್ದಾರೆ. ನಿತ್ಯದ ಎಂಆರ್‌ಐ ಮುಖ್ಯವಾಗಿ ಎಣಿಸುವುದು ಮಿದುಳಿನ ಬಿಳಿ ದ್ರವ್ಯದಲ್ಲಿ, ಅಂದರೆ ನರತಂತುಗಳು ಹಾದುಹೋಗುವ ಒಳಭಾಗದಲ್ಲಿ, ಎದ್ದು ಕಾಣುವ ಬಿಳಿ ಕಲೆಗಳನ್ನು, ಅಂದರೆ ನರತಂತುಗಳ ಮಯಲಿನ್ ಪೊರೆ ಕಿತ್ತುಹೋದ ಜಾಗಗಳನ್ನು. ಮಿದುಳಿನ ಹೊರಪದರದ ಬೂದು ದ್ರವ್ಯದಲ್ಲಿಯೂ ಇಂಥ ಲೀಶನ್‌ಗಳು ಆಗುತ್ತವೆ, ಆದರೆ ಸಾಮಾನ್ಯ ಸ್ಕ್ಯಾನಿನಲ್ಲಿ ಅವುಗಳಲ್ಲಿ ಹೆಚ್ಚಿನವು ಕಾಣುವುದಿಲ್ಲ. ಡಬಲ್ ಇನ್ವರ್ಷನ್ ರಿಕವರಿ ಎಂಬ ವಿಶೇಷ ಎಂಆರ್‌ಐ ವಿಧಾನದಿಂದ 2005ರಲ್ಲಿ ಆಮ್‌ಸ್ಟರ್‌ಡಾಮಿನವರು ಅವುಗಳಲ್ಲಿ ಇನ್ನಷ್ಟನ್ನು ಕಾಣುವಂತೆ ಮಾಡಿದರು. ಹಾಗಿದ್ದೂ ಬಹುಪಾಲು ಕೈತಪ್ಪುತ್ತವೆ. ಇನ್ನೊಂದು ಥಲಾಮಸ್. ಹೊರಪದರದ ಬಹುತೇಕ ಭಾಗಗಳೊಂದಿಗೆ ಸಂಪರ್ಕವಿರುವ ಈ ಆಳದ ಭಾಗ ಎಂಎಸ್‌ನಲ್ಲಿ ಬೇಗನೆ ಸೊರಗತೊಡಗುತ್ತದೆ, ಮತ್ತು ಅದರ ಗಾತ್ರ ಎಷ್ಟು ಕುಗ್ಗಿದೆ ಎಂಬುದು ಅರಿವಿನ ಪರೀಕ್ಷೆಗಳ ಅಂಕಗಳೊಂದಿಗೆ ಕಲೆಗಳ ಎಣಿಕೆಗಿಂತ ಹೆಚ್ಚು ಹೊಂದಿಕೊಳ್ಳುತ್ತದೆ ಎಂದು 2007ರಿಂದ ಈಚೆಗೆ ಹಲವು ಅಧ್ಯಯನಗಳು ತೋರಿಸಿವೆ. ನಿಮ್ಮ ಅಕ್ಕನವರ ವರದಿಯಲ್ಲಿ ಥಲಾಮಸ್ಸಿನ ಅಳತೆ ಇರಲಾರದು, ಏಕೆಂದರೆ ಅದನ್ನು ಅಳೆದು ಬರೆಯುವ ರೂಢಿಯೇ ಹೆಚ್ಚಿನ ಕಡೆ ಇಲ್ಲ.

ಆದ್ದರಿಂದ ‘ಬದಲಾವಣೆಯಿಲ್ಲ’ ಎಂಬುದು ಔಷಧಿ ಉರಿಯೂತವನ್ನು ತಡೆಯುತ್ತಿದೆ ಎನ್ನುವುದಕ್ಕೆ ಒಳ್ಳೆಯ ಸೂಚನೆ. ಯೋಚನೆಯ ವೇಗದ ಬಗ್ಗೆ ಆ ವರದಿ ಏನನ್ನೂ ಹೇಳಿಲ್ಲ, ಮನೆಯವರು ಅದರಿಂದ ಟೆನ್ಷನ್ ಎಂಬ ರೋಗನಿರ್ಣಯವನ್ನು ಹೊರಡಿಸಿದ್ದು ಹೇಗೋ ನನಗೆ ತಿಳಿಯದು.

ಫಂಕ್ಷನಲ್ ಎಂಆರ್‌ಐಗಿಂತ ಮೊದಲು ಆಗಬೇಕಾದದ್ದು ಕಾಗದದ ಮೇಲಿನ ಪರೀಕ್ಷೆ. ಸಿಂಬಲ್ ಡಿಜಿಟ್ ಮೊಡಾಲಿಟೀಸ್ ಟೆಸ್ಟ್ ಎಂಬುದರಲ್ಲಿ ಹಾಳೆಯ ಮೇಲ್ತುದಿಗೆ ಒಂಬತ್ತು ಚಿಹ್ನೆಗಳೂ ಪ್ರತಿಯೊಂದಕ್ಕೂ ಒಂದು ಅಂಕಿಯೂ ಇರುತ್ತವೆ. ಕೆಳಗೆ ಬರಿಯ ಚಿಹ್ನೆಗಳ ಸಾಲುಗಳು. ಪ್ರತಿ ಚಿಹ್ನೆಗೆ ತಕ್ಕ ಅಂಕಿಯನ್ನು ಬಾಯಲ್ಲಿ ಹೇಳುತ್ತ ಹೋಗಬೇಕು, 90 ಸೆಕೆಂಡುಗಳಲ್ಲಿ ಸರಿಯಾಗಿ ಹೇಳಿದ್ದು ಎಷ್ಟೋ ಅಷ್ಟು ಅಂಕ. ನಿಮ್ಹಾನ್ಸ್‌ನವರು 2004ರಲ್ಲಿ ಹೊರತಂದ ಪರೀಕ್ಷಾಮಾಲೆಯಲ್ಲಿಯೂ ಇದರ ಸೋದರ ಪರೀಕ್ಷೆಯೊಂದಿದೆ, ಅದಕ್ಕೆ ವಯಸ್ಸು ಮತ್ತು ಓದಿಗೆ ತಕ್ಕಂತೆ ನಮ್ಮವರದೇ ಮಾನದಂಡಗಳಿವೆ. ಅದು ಬರೆದು ಮಾಡುವ ಪರೀಕ್ಷೆಯಾದ್ದರಿಂದ ಕೈ ಮರಗಟ್ಟಿರುವವರಲ್ಲಿ ಅಂಕ ಇಳಿದರೆ ಅದು ಯೋಚನೆಯ ನಿಧಾನವೋ ಬೆರಳಿನ ನಿಧಾನವೋ ಎಂಬುದನ್ನು ಬಿಡಿಸಿ ನೋಡಬೇಕಾಗುತ್ತದೆ. ಖಿನ್ನತೆ, ನಿದ್ರೆಯ ಕೊರತೆ, ಮೂತ್ರಕೋಶಕ್ಕೆ ಕೊಡುವ ಕೆಲವು ಔಷಧಿಗಳು ಕೂಡ ವೇಗವನ್ನು ಕುಗ್ಗಿಸಬಲ್ಲವು, ಮತ್ತು ಇವಕ್ಕೆ ಪರಿಹಾರವಿದೆ.

ಕರಾವಳಿ ರೇಡಿಯಾಲಜಿ

ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ. ಫಂಕ್ಷನಲ್ ಎಂಆರ್‌ಐ ಬಗ್ಗೆ ಸ್ವಲ್ಪ ಕಟುವಾಗಿಯೇ ಹೇಳಬಯಸುತ್ತೇನೆ. ಆ ಯಂತ್ರ ಯೋಚನೆಯನ್ನು ಅಳೆಯುವುದಿಲ್ಲ. ಮಿದುಳಿನ ಒಂದು ಭಾಗ ದುಡಿದಾಗ ಅಲ್ಲಿಗೆ ಆಮ್ಲಜನಕ ತುಂಬಿದ ರಕ್ತ ಹೆಚ್ಚಾಗಿ ಹರಿಯುತ್ತದೆ. ಅದರಿಂದ ಕಾಂತೀಯ ಸಂಕೇತದಲ್ಲಾಗುವ ತೀರ ಸಣ್ಣ ಏರಿಳಿತವನ್ನು ಅದು ದಾಖಲಿಸುತ್ತದೆ. ಆ ಏರಿಳಿತ ಗದ್ದಲದಲ್ಲಿ ಮುಳುಗಿ ಹೋಗುವಷ್ಟು ಸಣ್ಣದಾದ್ದರಿಂದಲೇ ಸಂಶೋಧಕರು ಒಂದು ಗುಂಪಿನ ಸರಾಸರಿಯನ್ನು ಇನ್ನೊಂದು ಗುಂಪಿನ ಸರಾಸರಿಯೊಂದಿಗೆ ಹೋಲಿಸುತ್ತಾರೆ. ಒಬ್ಬರೇ ವ್ಯಕ್ತಿಯ ಚಿತ್ರ ನೋಡಿ ‘ಇವರ ವೇಗ ಇಷ್ಟು ಕುಗ್ಗಿದೆ’ ಎಂದು ಹೇಳುವ ಮಾನದಂಡ ಇಲ್ಲ. ಗಡ್ಡೆಯ ಶಸ್ತ್ರಚಿಕಿತ್ಸೆಗೆ ಮುನ್ನ ಮಾತಿನ ಭಾಗ ಎಲ್ಲಿದೆ ಎಂದು ತಿಳಿಯಲು ಇದೇ ತಂತ್ರವನ್ನು ಬಳಸುವುದುಂಟು, ಅದು ಬೇರೆ ವಿಷಯ.

ಗುಂಪುಗಳ ಮಟ್ಟದಲ್ಲಿ ಸಿಕ್ಕ ತಿಳಿವಳಿಕೆ ಮಾತ್ರ ಸ್ವಾರಸ್ಯಕರವಾಗಿದೆ. ಕೆಸ್ಲರ್‌ನ ಜಾನ್ ಡೆಲೂಕಾ ಮತ್ತು ತಂಡದವರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೇಲೆ ವಿವರಿಸಿದ ಚಿಹ್ನೆ-ಅಂಕಿ ಪರೀಕ್ಷೆಯ ಬದಲಿ ರೂಪವನ್ನು ಸ್ಕ್ಯಾನರ್ ಒಳಗೇ ಮತ್ತೆ ಮತ್ತೆ ಮಾಡಿಸಿದರು. ಆರೋಗ್ಯವಂತರಲ್ಲಿ ಕೆಲಸ ಮುಂದುವರಿದಂತೆ ಮಿದುಳಿನ ಸಂಕೇತ ತಗ್ಗುತ್ತ ಬಂತು, ಎಂಎಸ್ ಇರುವವರಲ್ಲಿ ಬೇಸಲ್ ಗ್ಯಾಂಗ್ಲಿಯ (ಮಿದುಳಿನ ಆಳದಲ್ಲಿರುವ ನರಕೋಶಗಳ ಗುಚ್ಛಗಳು) ಮತ್ತು ಮುಂಭಾಗದ ಪ್ರದೇಶಗಳಲ್ಲಿ ಅದು ಏರುತ್ತ ಹೋಯಿತು. ಒಂದೇ ಕೆಲಸಕ್ಕೆ ಹೊತ್ತು ಕಳೆದಂತೆ ಹೆಚ್ಚು ಹೆಚ್ಚು ದುಡಿಯಬೇಕಾಗಿ ಬರುವ ಇದನ್ನು ತಂಡದವರು ಮಾನಸಿಕ ದಣಿವಿನ ಗುರುತು ಎಂದು ನೋಡಿದರು.

ಎಂಎಸ್ ಜೊತೆಗೆ, ಹುಬ್ಬಳ್ಳಿ

ಹೆಚ್ಚು ಸಂಕೇತ ಬಂದರೆ ಮಿದುಳು ತಾನಾಗಿಯೇ ನಷ್ಟವನ್ನು ತುಂಬಿಕೊಳ್ಳುತ್ತಿದೆ ಎಂದರ್ಥ ಎಂದು ನಾನು ಓದಿದ್ದೆ. ನನಗೂ ಇದೇ ಕಾಯಿಲೆ ಇರುವುದರಿಂದ ಅದು ಸಮಾಧಾನ ಕೊಡುವ ಮಾತಾಗಿತ್ತು. ಅದು ನಿಜವಲ್ಲವೆ?

ಕ್ಲಿನಿಕಲ್ ಸೈಕಾಲಜಿ, ಬೆಂಗಳೂರು

ಭಾಗಶಃ ನಿಜ. ಕಾಯಿಲೆಯ ಆರಂಭದಲ್ಲಿ ಪರೀಕ್ಷೆಯ ಅಂಕ ಸರಿಯಾಗಿಯೇ ಇದ್ದು ಸಂಕೇತ ಹೆಚ್ಚಿದ್ದರೆ ಅದನ್ನು ಸರಿದೂಗಿಸುವಿಕೆ ಎಂದು ಓದಲು ಅವಕಾಶವಿದೆ. ಆದರೆ ಅಂಕ ಕುಸಿದವರಲ್ಲಿಯೂ ಸಂಕೇತ ಹೆಚ್ಚಿರುವುದುಂಟು. ಜೇಮ್ಸ್ ಸುಮೋವ್ಸ್ಕಿ ಮತ್ತು ಸಂಗಡಿಗರು 2010ರಲ್ಲಿ ತೋರಿಸಿದ್ದು, ಓದು ಮತ್ತು ಬೌದ್ಧಿಕ ಅಭ್ಯಾಸಗಳ ಹಿನ್ನೆಲೆ ಚೆನ್ನಾಗಿದ್ದ ಎಂಎಸ್ ರೋಗಿಗಳು ಅದೇ ಕೆಲಸವನ್ನು ಮಿದುಳಿನ ಮುಂಭಾಗದ ಕಡಿಮೆ ದುಡಿಮೆಯಲ್ಲಿ ಮಾಡುತ್ತಾರೆ ಎಂಬುದನ್ನು. ಅಂದರೆ ಹೆಚ್ಚು ಬೆಳಗುವ ಮಿದುಳೇ ಮೇಲು ಎಂದು ಹೇಳುವಂತಿಲ್ಲ. 2015ರಲ್ಲಿ ಆಮ್‌ಸ್ಟರ್‌ಡಾಮಿನ ಸ್ಕೂನ್‌ಹೈಮ್ ಮತ್ತು ಜೊತೆಯವರು, ಹಾನಿ ಒಂದು ಮಿತಿ ದಾಟುವವರೆಗೆ ಮಿದುಳಿನ ಭಾಗಗಳನ್ನು ಬೆಸೆಯುವ ಜಾಲ ಹೇಗೋ ನಿಭಾಯಿಸಿ ಆಮೇಲೆ ಕುಸಿಯುತ್ತದೆ ಎಂಬ ಮಾದರಿಯನ್ನು ಮುಂದಿಟ್ಟರು. ನನಗೆ ಅದು ಮನವರಿಕೆಯಾಗುವ ಮಾದರಿ, ಆದರೆ ಒಬ್ಬೊಬ್ಬ ರೋಗಿಯನ್ನು ಹತ್ತಾರು ವರ್ಷ ಹಿಂಬಾಲಿಸಿ ನೋಡದೆ ಅದನ್ನು ಪೂರ್ತಿ ಸಾಬೀತುಪಡಿಸಲಾಗದು.

ಬೆಣ್ಣೆನಗರಿ

ಎಲ್ಲರಿಗೂ ಧನ್ಯವಾದಗಳು. ಸ್ಕ್ಯಾನಿನ ಯೋಚನೆಯನ್ನು ಬಿಟ್ಟಿದ್ದೇವೆ. ಪರೀಕ್ಷೆಗೆ ನರರೋಗ ತಜ್ಞರಿಂದಲೇ ಚೀಟಿ ಪಡೆಯುತ್ತೇವೆ. ಕೊರತೆ ಇದೆ ಎಂದು ತಿಳಿದರೆ ಅದಕ್ಕೆ ಚಿಕಿತ್ಸೆ ಇದೆಯೆ?

ಕ್ಲಿನಿಕಲ್ ಸೈಕಾಲಜಿ, ಬೆಂಗಳೂರು

ವೇಗವನ್ನು ಮರಳಿಸುವುದು ಖಚಿತವಾಗಿರುವ ಮಾತ್ರೆ ಇಲ್ಲ. ತರಬೇತಿಯ ವಿಷಯದಲ್ಲಿ ಫಲಿತಾಂಶಗಳು ಮಿಶ್ರವಾಗಿವೆ. ಕಲಿಯಬೇಕಾದದ್ದನ್ನು ಕಥೆಯಾಗಿ, ಚಿತ್ರವಾಗಿ ಹೆಣೆದುಕೊಳ್ಳಲು ಹತ್ತು ಬೈಠಕ್‌ಗಳಲ್ಲಿ ಹೇಳಿಕೊಡುವ ಕೆಸ್ಲರ್‌ನ ವಿಧಾನ, 2013ರಲ್ಲಿ ನ್ಯಾನ್ಸಿ ಕಿಯಾರವಲೋಟಿ ಅವರು ಪ್ರಕಟಿಸಿದ ನಿಯಂತ್ರಿತ ಪ್ರಯೋಗದಲ್ಲಿ, ಹೊಸದನ್ನು ಕಲಿತು ನೆನಪಿಡುವ ಸಾಮರ್ಥ್ಯವನ್ನು ಹೆಚ್ಚಿಸಿತು. ಅದು ನೆನಪಿಗೆ ಸಂಬಂಧಿಸಿದ್ದು, ವೇಗಕ್ಕಲ್ಲ. ವೇಗ ಕುಗ್ಗಿದ, ಮುಂದುವರಿಯುತ್ತಲೇ ಹೋಗುವ ಬಗೆಯ ಎಂಎಸ್ ಇದ್ದ 311 ಮಂದಿಯ ಮೇಲೆ ಆರು ದೇಶಗಳಲ್ಲಿ ನಡೆದ ಕಾಗೆಕ್ಸ್ ಪ್ರಯೋಗದ ಫಲಿತಾಂಶ 2023ರಲ್ಲಿ ಹೊರಬಂತು: 12 ವಾರಗಳ ಕಂಪ್ಯೂಟರ್ ತರಬೇತಿಯನ್ನೂ ವ್ಯಾಯಾಮವನ್ನೂ ಒಟ್ಟಿಗೆ ಕೊಟ್ಟರೂ ಹೆಸರಿಗಷ್ಟೇ ಕೊಟ್ಟ ತರಬೇತಿಗಿಂತ ಅದು ಮೇಲಾಗಲಿಲ್ಲ. ನಿಮ್ಮ ಅಕ್ಕನವರ ಕಾಯಿಲೆಯ ಬಗೆ ಬೇರೆ, ಆದ್ದರಿಂದ ಆ ಫಲಿತಾಂಶವನ್ನು ಇವರಿಗೆ ನೇರವಾಗಿ ಅನ್ವಯಿಸಬಾರದು. ಆದರೆ ‘ಮಿದುಳಿನ ಆಟ’ಗಳ ಆ್ಯಪ್‌ಗೆ ವರ್ಷದ ಚಂದಾ ಕಟ್ಟುವ ಮುನ್ನ ಅದು ನೆನಪಿನಲ್ಲಿರಲಿ.

ಶಾಲೆಯಲ್ಲಿ ಈಗಲೇ ಮಾಡಬಹುದಾದದ್ದು ಹಾಜರಿಯ ಕೆಲಸವನ್ನು ಬೆಳಗಿನ ಹೊತ್ತಿಗೆ, ಬಾಗಿಲು ಮುಚ್ಚಿದ ಕೋಣೆಗೆ ಸರಿಸುವುದು. ಇದಕ್ಕೆ ಮುಖ್ಯೋಪಾಧ್ಯಾಯರನ್ನು ಕೇಳಲು ಸಂಕೋಚ ಬೇಡ. ಪರೀಕ್ಷೆಗೆ ಹೋಗುವ ದಿನ ಕಾಯಿಲೆ ಮರುಕಳಿಸಿರಬಾರದು, ಸ್ಟೆರಾಯ್ಡ್ ಚುಚ್ಚುಮದ್ದು ಆಗಷ್ಟೇ ಮುಗಿದಿರಬಾರದು, ಕನ್ನಡಕ ಜೊತೆಗಿರಲಿ. ಬಂದ ಅಂಕವನ್ನು ಎಂಆರ್‌ಐ ಫೈಲಿನಲ್ಲಿಯೇ ಇಟ್ಟು ವರ್ಷಕ್ಕೊಮ್ಮೆ ಅದೇ ಪರೀಕ್ಷೆಯನ್ನು ಮಾಡಿಸಿ. ಚಿಹ್ನೆ-ಅಂಕಿ ಪರೀಕ್ಷೆಯಲ್ಲಿ ಸುಮಾರು ನಾಲ್ಕು ಅಂಕಗಳಷ್ಟು ಇಳಿಕೆ ಕಂಡರೆ ಅದನ್ನು ನಿರ್ಲಕ್ಷಿಸದೆ ತಜ್ಞರ ಗಮನಕ್ಕೆ ತನ್ನಿ.