ತೊಗರಿ ಬೇಳೆ ಮಿಲ್ಲಿಗೆ ಮಾಲಿನ್ಯ ಮಂಡಳಿ ಸಮ್ಮತಿ ಬೇಕಾ?

ಪ್ರಶ್ನೆ: ನಮಸ್ಕಾರ ಸರ್. ಕಲಬುರಗಿ ಹತ್ತಿರದ ಕಪನೂರಿನಲ್ಲಿ ದಾಲ್ ಮಿಲ್ ಹಾಕುತ್ತಿದ್ದೇವೆ. ಶೆಡ್ ಕೆಲಸ ಮುಂದಿನ ತಿಂಗಳು ಶುರು. ಬಾಯ್ಲರ್ ಇಲ್ಲ, ಕರೆಂಟ್ ಹೋದರೆ 100 ಕೆವಿಎ ಜನರೇಟರ್. ನಮ್ಮದು ಹಸಿರು ವರ್ಗ (ಮಾಲಿನ್ಯ ಕಮ್ಮಿ ಇರುವ ಉದ್ಯಮ), ಮಂಡಳಿ ಕಡೆ ಹೋಗೋದೇ ಬೇಡ ಅಂತ ಪಕ್ಕದ ಮಿಲ್ಲಿನವರು ಹೇಳುತ್ತಾರೆ. ಹೌದಾ?

ಉತ್ತರ: ವರ್ಗ ಸರಿ, ಸಲಹೆ ತಪ್ಪು ಅಣ್ಣಾ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ (ಸಿಪಿಸಿಬಿ) 2016ರ ಪಟ್ಟಿಯಲ್ಲಿ ದಾಲ್ ಮಿಲ್ ಹಸಿರೇ. ಆದರೆ ಸಮ್ಮತಿಯಿಂದ ವಿನಾಯಿತಿ ಇರುವುದು ಮಾಲಿನ್ಯ ಇಲ್ಲವೆನ್ನುವಷ್ಟು ಕಮ್ಮಿ ಇರುವ ಬಿಳಿ ವರ್ಗಕ್ಕೆ. ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗಳಂಥ ಹೆಚ್ಚು ಮಾಲಿನ್ಯದ ಕೆಂಪು ವರ್ಗಕ್ಕೆ ಇರುವಷ್ಟು ಬಿಗಿ ನಿಮಗಿಲ್ಲ, ಅಷ್ಟೇ.

1981ರ ವಾಯು ಕಾಯ್ದೆಯ 21ನೇ ಕಲಂ ಪ್ರಕಾರ ಕಟ್ಟುವ ಮೊದಲೇ ಸಮ್ಮತಿ ಬೇಕು. ಅದು ಸಿಎಫ್‌ಇ (ಸ್ಥಾಪನೆಗೆ ಸಮ್ಮತಿ). ಮಷಿನ್ ಕೂರಿಸಿದ ಮೇಲೆ, ಓಡಿಸುವ ಮೊದಲು ಸಿಎಫ್‌ಓ (ನಡೆಸಲು ಸಮ್ಮತಿ). ಹಾಗಾಗಿ ಬುನಾದಿ ತೋಡುವುದನ್ನು ಸ್ವಲ್ಪ ತಡೆಯಿರಿ. ಅರ್ಜಿ ಆನ್‌ಲೈನ್. ಫೀ ನಿಮ್ಮ ಬಂಡವಾಳದ ಮೇಲೆ, ಅದಕ್ಕೇ ಸಿಎ ಸರ್ಟಿಫಿಕೇಟ್ ಕೇಳುತ್ತಾರೆ. ತೀರ್ಮಾನಕ್ಕೆ ಕಾಯ್ದೆ ಕೊಟ್ಟ ಗಡುವು 4 ತಿಂಗಳು. ಬೇಳೆ ನೆನೆಸಿದ ನೀರು ಹೊರಗೆ ಹೋಗುವುದಾದರೆ ಜಲ ಕಾಯ್ದೆಯೂ ಬರುತ್ತದೆ.

ಕಾಗದಕ್ಕಿಂತ ಧೂಳಿನ ಕಡೆ ಜಾಸ್ತಿ ಗಮನ ಕೊಡಿ. ಗಾಳಿಯನ್ನು ಸುತ್ತಿಸಿ ಹೊಟ್ಟು ಕೆಳಗೆ ಬೀಳಿಸುವ ಸೈಕ್ಲೋನ್ ಹಾಕಿಸುತ್ತೀರಿ ಅಲ್ವಾ? ಅದರ ಕೆಳಬಾಯಿಗೆ ಗಾಳಿ ಒಳಗೆ ಬಿಡದೆ ಹೊಟ್ಟನ್ನಷ್ಟೇ ಕೆಳಗೆ ಬಿಡುವ ಏರ್‌ಲಾಕ್ ವಾಲ್ವ್ ಇದೆಯಾ ನೋಡಿ. ಎಷ್ಟೋ ಕಡೆ ದುಡ್ಡು ಉಳಿಸಲು ಅಲ್ಲಿ ಸುಮ್ನೆ ಗೋಣಿಚೀಲ ಕಟ್ಟಿರುತ್ತಾರೆ. ಚೀಲ ಸಡಿಲವಾದರೆ ಕೆಳಗಿಂದ ಗಾಳಿ ಎಳೆದುಕೊಂಡು, ಕೆಳಗೆ ಬೀಳಬೇಕಾದ ಹೊಟ್ಟು ಮೇಲಿನ ಪೈಪಿಂದ ಹೊರಗೆ ಹಾರುತ್ತದೆ. ಫ್ಯಾನ್ ದೊಡ್ಡದು ಹಾಕಿದರೆ ಇನ್ನೂ ಜಾಸ್ತಿ. ಸಣ್ಣ ಪುಡಿಯನ್ನು ಸೈಕ್ಲೋನ್ ಹಿಡಿಯಲ್ಲ, ಅದಕ್ಕೆ ಅದರ ಹಿಂದೆ ಬ್ಯಾಗ್ ಫಿಲ್ಟರ್ ಬೇಕು. ಫಿಲ್ಟರ್ ಬಟ್ಟೆಯನ್ನು ಆಗಾಗ ಜಾಡಿಸದಿದ್ದರೆ ಎಳೆತ ಕಮ್ಮಿಯಾಗಿ ಧೂಳು ಶೆಡ್ಡಿನೊಳಗೇ ಕೂರುತ್ತದೆ. ತಪಾಸಣೆಗೆ ಬಂದವರು ಮೀಟರ್ ತೆಗೆಯುವ ಮೊದಲು ನೋಡುವುದೇ ಪತ್ರಾಸಿನ ಮೇಲಿನ ಧೂಳು.

ಪ್ರಶ್ನೆ: ಜನರೇಟರ್ ಚಿಮಣಿ ಎಷ್ಟೆತ್ತರ ಸರ್? ಸೆಕೆಂಡ್ ಹ್ಯಾಂಡ್ ಒಂದು ಅಗ್ಗಕ್ಕೆ ಸಿಗುತ್ತಿದೆ.

ಉತ್ತರ: ಕೆವಿಎಯ ವರ್ಗಮೂಲವನ್ನು 0.2ರಿಂದ ಗುಣಿಸಿ. 100ಕ್ಕೆ 2 ಮೀಟರ್ ಬರುತ್ತದೆ. ಅಂದರೆ ಜನರೇಟರ್ ಇಟ್ಟ ಕಟ್ಟಡದ ಎತ್ತರದ ಮೇಲೆ ಇನ್ನೂ 2 ಮೀಟರ್. ಹಳೆಯದನ್ನು ಕೊಳ್ಳಬೇಡಿ ಅಂತಲೇ ಹೇಳುತ್ತೇನೆ. ಸೌಂಡ್‌ಪ್ರೂಫ್ ಪೆಟ್ಟಿಗೆ ಇಲ್ಲದಿದ್ದರೆ 1 ಮೀಟರ್ ದೂರದಲ್ಲಿ 75 ಡೆಸಿಬೆಲ್ ಮಿತಿಯೊಳಗೆ ಬರುವುದಿಲ್ಲ, ಪೆಟ್ಟಿಗೆ ಮಾಡಿಸಲು ಹೋದರೆ ಅಗ್ಗದ ಲೆಕ್ಕ ಅಲ್ಲೇ ಮುಗಿಯಿತು. ಹೊಸದಾದರೆ 2023ರ ಜುಲೈನಿಂದ ಜಾರಿಯಾದ ಸಿಪಿಸಿಬಿ 4 ಪ್ಲಸ್ (ಜನರೇಟರ್ ಹೊಗೆಯ ಮಿತಿ) ಸರ್ಟಿಫಿಕೇಟ್ ಕೇಳಿ ತಗೊಳ್ಳಿ. ಅದರ ಪ್ರತಿಯನ್ನು ಸಿಎಫ್‌ಓ ಅರ್ಜಿಗೆ ಲಗತ್ತಿಸಿ.